ಪಡ್ರೆಯ ಪಾಠ: ಊರವರ ಪ್ರಶ್ನೆಯೂ ವಿಜ್ಞಾನದ ಉತ್ತರವೂ

'ಜನಸಹಭಾಗಿತ್ವ' ಎಂಬ ಪದ ಈಗ ಬಹುತೇಕ ಎಲ್ಲ ಯೋಜನಾ ವರದಿಗಳಲ್ಲೂ ಕಾಣಿಸುತ್ತದೆ. ಸಮಸ್ಯೆಯನ್ನು ಅನುಭವಿಸುತ್ತಿರುವ ಜನರೇ ಅದರ ಸಂಶೋಧನೆಯಲ್ಲಿ ಪಾಲ್ಗೊಳ್ಳಬೇಕು ಎಂಬ ಮಾತನ್ನು ಯಾರೂ ಅಲ್ಲಗಳೆಯುವುದಿಲ್ಲ. ಆದರೆ ಪಾಲ್ಗೊಳ್ಳುವುದೆಂದರೇನು? ಪ್ರಶ್ನಾವಳಿಗೆ ಉತ್ತರಿಸುವುದೇ? ರಕ್ತದ ಮಾದರಿ ಕೊಡುವುದೇ? ಅಥವಾ ಏನನ್ನು ಅಳೆಯಬೇಕು, ಯಾವ ಊರಿನೊಂದಿಗೆ ಹೋಲಿಸಬೇಕು ಎಂದು ತೀರ್ಮಾನಿಸುವಾಗಲೂ ಜೊತೆಗಿರುವುದೇ? ಹೊಗಳಿಕೆಯನ್ನು ಬದಿಗಿಟ್ಟು ಈ ಪ್ರಶ್ನೆಯನ್ನು ಒಂದು ನಿಜ ಪ್ರಕರಣದ ಮೇಲೆ ಒರೆಹಚ್ಚಿ ನೋಡೋಣ. ಪ್ರಕರಣ ನಮಗೆ ದೂರದ್ದಲ್ಲ. ಕಾಸರಗೋಡು ಜಿಲ್ಲೆಯ ಎಣ್ಮಕಜೆ ಪಂಚಾಯಿತಿಯ ಪಡ್ರೆ ಗ್ರಾಮದ್ದು. ಅಲ್ಲಿನ ಜನರ ಮನೆಮಾತು ಕನ್ನಡ, ತುಳು, ಮಲಯಾಳ.

ಮೊದಲು ಒಂದು ಹಳೆಯ ಉದಾಹರಣೆ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನ ಸುತ್ತ ಹೊಸ ಜ್ವರವೊಂದು ಕಾಣಿಸಿತು. ಕಾಡಿನಲ್ಲಿ ಮಂಗಗಳು ಸತ್ತು ಬೀಳುವುದಕ್ಕೂ ಊರಿನಲ್ಲಿ ಜ್ವರ ಬರುವುದಕ್ಕೂ ಸಂಬಂಧವಿದೆ ಎಂಬುದನ್ನು ಹಳ್ಳಿಯವರು ಗಮನಿಸಿದ್ದರು. 'ಮಂಗನ ಕಾಯಿಲೆ' ಎಂಬ ಹೆಸರೇ ಅವರ ಅವಲೋಕನದ ದಾಖಲೆ. ಪುಣೆಯ ವೈರಸ್ ಸಂಶೋಧನಾ ಕೇಂದ್ರದ ವಿಜ್ಞಾನಿಗಳು ಅದೇ ವರ್ಷ ವೈರಸ್ಸನ್ನು ಬೇರ್ಪಡಿಸಿದರು. ಇಂದಿಗೂ ಸತ್ತ ಮಂಗದ ಸುದ್ದಿಯನ್ನು ಜನ ಆರೋಗ್ಯ ಇಲಾಖೆಗೆ ಮುಟ್ಟಿಸುವುದೇ ಈ ರೋಗದ ಮುನ್ನೆಚ್ಚರಿಕೆಯ ಮುಖ್ಯ ಆಧಾರ. ಅಲ್ಲಿ ಜನರ ಕಣ್ಣೂ ಪ್ರಯೋಗಾಲಯದ ಕಣ್ಣೂ ಬೇಗ ಒಂದೇ ಕಡೆ ನೋಡಿದವು. ಪಡ್ರೆಯಲ್ಲಿ ಹಾಗಾಗಲಿಲ್ಲ. ಏಕೆಂದು ಕೇಳುವುದು ಈ ಲೇಖನದ ಉದ್ದೇಶ.

ಗುಡ್ಡದ ಮೇಲೆ ಗೇರು, ತಗ್ಗಿನಲ್ಲಿ ಮನೆ

ಕೇರಳ ಸರಕಾರದ ಒಡೆತನದ ತೋಟ ನಿಗಮವು ಕಾಸರಗೋಡಿನ ಗುಡ್ಡಗಳಲ್ಲಿ ಸಾವಿರಾರು ಹೆಕ್ಟೇರು ಗೇರು ಬೆಳೆಸಿದೆ. ಗೇರಿನ ಚಿಗುರು, ಹೂಗಳಿಂದ ರಸ ಹೀರುವ ಟೀ ಸೊಳ್ಳೆ ಎಂಬ ತಿಗಣೆಯ ಹತೋಟಿಗೆಂದು 1970ರ ದಶಕದ ಕೊನೆಯಿಂದ 2000ದ ಅಂತ್ಯದವರೆಗೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸಿಂಪಡಿಸಲಾಯಿತು.

ಈ ಭಾಗದ ನೆಲದ ರಚನೆಯನ್ನು ಗಮನಿಸಿ. ಗುಡ್ಡದ ತಲೆಯಲ್ಲಿ ಗೇರು ತೋಟ. ಇಳಿಜಾರು ಮತ್ತು ತಗ್ಗಿನಲ್ಲಿ ಮನೆ, ಅಡಿಕೆ ತೋಟ. ನೀರು ಬರುವುದು ಗುಡ್ಡವನ್ನು ಅಡ್ಡಕ್ಕೆ ಕೊರೆದ ಸುರಂಗಗಳಿಂದ, ತೋಡುಗಳಿಂದ. ಸಿಂಪರಣೆಯ ದಿನ ಬಾವಿಯನ್ನು ಮುಚ್ಚಬಹುದು, ಹರಿಯುವ ತೋಡನ್ನು ಮುಚ್ಚಲಾಗದು. ಸಮತಟ್ಟಾದ ಹೊಲದ ಮೇಲಾದರೆ ಹೆಲಿಕಾಪ್ಟರ್ ತಗ್ಗಿನಲ್ಲಿ ಹಾರಬಲ್ಲದು. ಏರಿಳಿತದ ಗುಡ್ಡದಲ್ಲಿ ಅದು ಕಷ್ಟ. ಎತ್ತರ ಹೆಚ್ಚಿದಷ್ಟೂ ಸಣ್ಣ ಹನಿಗಳು ಗಾಳಿಯೊಂದಿಗೆ ದೂರ ಸಾಗುತ್ತವೆ. ಇದನ್ನು ತಿಳಿಯಲು ಪದವಿ ಬೇಕಿಲ್ಲ, ಆ ಅಂಗಳದಲ್ಲಿ ನಿಂತಿದ್ದರೆ ಸಾಕು.

ಎಂಡೋಸಲ್ಫಾನ್ ಕ್ಲೋರಿನ್‌ಯುಕ್ತ ಸಾವಯವ ಕೀಟನಾಶಕ. ಮಾರಾಟದ ವಸ್ತುವಿನಲ್ಲಿ ಆಲ್ಫಾ ಮತ್ತು ಬೀಟಾ ಎಂಬ ಎರಡು ಸಮಾಂಗಿಗಳು ಸುಮಾರು 7:3ರ ಪ್ರಮಾಣದಲ್ಲಿರುತ್ತವೆ. ಆಲ್ಫಾ ಬೇಗ ಕ್ಷಯಿಸುತ್ತದೆ, ಬೀಟಾ ನಿಧಾನ. ಎರಡೂ ಮಣ್ಣಿನಲ್ಲಿ ಉತ್ಕರ್ಷಣಗೊಂಡು ಎಂಡೋಸಲ್ಫಾನ್ ಸಲ್ಫೇಟ್ ಆಗುತ್ತವೆ. ಅದೂ ವಿಷವೇ, ಅಲ್ಲದೆ ಮೂಲ ವಸ್ತುವಿಗಿಂತ ಹೆಚ್ಚು ಕಾಲ ಉಳಿಯುತ್ತದೆ. ಆದ್ದರಿಂದ ಮೂಲ ವಸ್ತುವನ್ನಷ್ಟೇ ಹುಡುಕಿ 'ಶೇಷಾಂಶವಿಲ್ಲ' ಎಂದು ಹೇಳುವ ವರದಿಗೂ ಮೂರನ್ನೂ ಹುಡುಕಿ ಹಾಗೆ ಹೇಳುವ ವರದಿಗೂ ಬಹಳ ಅಂತರವಿದೆ. ನರಕೋಶಗಳಲ್ಲಿ 'ಗಾಬಾ' ಎಂಬ ನರವಾಹಕದ ನಿಯಂತ್ರಣದಲ್ಲಿರುವ ಕ್ಲೋರೈಡ್ ದ್ವಾರಗಳನ್ನು ಇದು ತಡೆಯುತ್ತದೆ. ಪರಿಣಾಮವಾಗಿ ನರಗಳು ಅತಿಯಾಗಿ ಉದ್ರೇಕಗೊಳ್ಳುತ್ತವೆ. ಮೀನುಗಳಿಗಂತೂ ಇದು ಬಹಳ ಅಲ್ಪ ಪ್ರಮಾಣದಲ್ಲೇ ಮಾರಕ.

ಕರಾವಳಿಯ ಭಾಷೆಯಲ್ಲಿ ಔಷಧಕ್ಕೂ 'ಮದ್ದು', ಅಡಿಕೆಗೆ ಹೊಡೆಯುವ ಬೋರ್ಡೋ ದ್ರಾವಣಕ್ಕೂ 'ಮದ್ದು', ಕೀಟನಾಶಕಕ್ಕೂ 'ಮದ್ದು'. ಹೆಲಿಕಾಪ್ಟರ್ ಬಂದರೆ ಮಕ್ಕಳು ನೋಡಲು ಓಡುತ್ತಿದ್ದರೆಂದು ಊರವರು ಹೇಳುತ್ತಾರೆ. ಅದರಲ್ಲಿ ಆಶ್ಚರ್ಯವೇನೂ ಇಲ್ಲ.

ಮೊದಲು ಕಂಡವರು

ಪಡ್ರೆಯ ಪ್ರಶ್ನೆ ಯಾವ ಸಂಶೋಧನಾ ಸಂಸ್ಥೆಯಲ್ಲೂ ಹುಟ್ಟಲಿಲ್ಲ. ವಾಣಿನಗರದಲ್ಲಿ ವೈದ್ಯಕೀಯ ವೃತ್ತಿ ನಡೆಸುತ್ತಿದ್ದ ಡಾ. ವೈ.ಎಸ್. ಮೋಹನ ಕುಮಾರ್ ಅವರು ಒಂದೇ ಪುಟ್ಟ ಪ್ರದೇಶದಲ್ಲಿ ಬುದ್ಧಿಮಾಂದ್ಯ, ಅಪಸ್ಮಾರ, ಹುಟ್ಟಿನ ನ್ಯೂನತೆ, ಕ್ಯಾನ್ಸರ್ ಮುಂತಾದವು ಅಸಹಜವೆನಿಸುವಷ್ಟು ಕಾಣುತ್ತಿರುವುದನ್ನು ಗುರುತಿಸಿ, ಕಾರಣವೇನೆಂದು 1990ರ ದಶಕದಲ್ಲಿ ತಮ್ಮ ವೃತ್ತಿಬಾಂಧವರನ್ನು ಕೇಳಿದರು. ಕೃಷಿಕರೂ ಪತ್ರಕರ್ತರೂ ಆದ ಶ್ರೀಪಡ್ರೆ ಅವರು ಹುಟ್ಟುವ ಕರುಗಳ ಅಂಗವಿಕಾರವನ್ನು ಗಮನಿಸಿ ಬಹಳ ಮೊದಲೇ ಬರೆದಿದ್ದರು. ಜಿಲ್ಲೆಯ ದಕ್ಷಿಣದ ಪೆರಿಯದಲ್ಲಿ ಕೃಷಿ ಇಲಾಖೆಯ ನೌಕರರಾಗಿದ್ದ ಲೀಲಾಕುಮಾರಿ ಅಮ್ಮ ಅವರು ಮುನ್ಸಿಫ್ ನ್ಯಾಯಾಲಯಕ್ಕೆ ಹೋಗಿ 1998ರಲ್ಲಿ ವೈಮಾನಿಕ ಸಿಂಪರಣೆಗೆ ತಾತ್ಕಾಲಿಕ ತಡೆ ತಂದರು. ತೋಡಿನ ಮೀನು, ಕಪ್ಪೆಗಳು ಕಡಿಮೆಯಾದುದನ್ನು ಊರಿನ ಅನೇಕರು ಹೇಳಿದರು.

ಇವರಲ್ಲಿ ಯಾರೂ ವಿಷವಿಜ್ಞಾನಿಗಳಲ್ಲ. ಆದರೆ ಯಾವ ವಿಷವಿಜ್ಞಾನಿಯ ಬಳಿಯೂ ಇಲ್ಲದ ಒಂದು ಸಾಧನ ಅವರಲ್ಲಿತ್ತು. ಅದು ಒಂದೇ ಜಾಗವನ್ನು ವರ್ಷಗಟ್ಟಲೆ ನೋಡಿದ ನೆನಪು. ಹೊರಗಿನಿಂದ ಎರಡು ದಿನಕ್ಕೆ ಬಂದ ತಜ್ಞನಿಗೆ ಹಿಂದಿನ ವರ್ಷ ಆ ತೋಡಿನಲ್ಲಿ ಮೀನಿತ್ತೇ ಎಂದು ತಿಳಿಯುವುದಿಲ್ಲ.

ಇಷ್ಟು ಹೇಳಿದ ಮೇಲೆ ಇನ್ನೊಂದು ಮಾತನ್ನೂ ಹೇಳಬೇಕು. ಅವಲೋಕನ ಪ್ರಶ್ನೆಯನ್ನು ಹುಟ್ಟಿಸುತ್ತದೆ, ಉತ್ತರವನ್ನು ಕೊಡುವುದಿಲ್ಲ. ಉತ್ತರಕ್ಕೆ ಹೋಲಿಕೆ ಬೇಕು.

ಎರಡು ಪ್ರಯೋಗಾಲಯ, ಎರಡು ಉತ್ತರ

2001ರಲ್ಲಿ ದೆಹಲಿಯ ವಿಜ್ಞಾನ ಮತ್ತು ಪರಿಸರ ಕೇಂದ್ರವು ಪಡ್ರೆಯಿಂದ ನೀರು, ಮಣ್ಣು, ಹಾಲು, ತರಕಾರಿ, ಮಾನವ ರಕ್ತ ಮುಂತಾದವನ್ನು ಸಂಗ್ರಹಿಸಿ ಪರೀಕ್ಷಿಸಿ, ಅವುಗಳಲ್ಲಿ ಎಂಡೋಸಲ್ಫಾನ್ ಹೆಚ್ಚಿನ ಪ್ರಮಾಣದಲ್ಲಿದೆ ಎಂದು ವರದಿ ಮಾಡಿತು. ಅದೇ ವರ್ಷ ತೋಟ ನಿಗಮದ ಕೋರಿಕೆಯಂತೆ ತಮಿಳುನಾಡಿನ ಖಾಸಗಿ ಸಂಸ್ಥೆಯೊಂದು ತಾನೂ ಮಾದರಿಗಳನ್ನು ಸಂಗ್ರಹಿಸಿ, ರಕ್ತದಲ್ಲಾಗಲಿ ನೀರಿನಲ್ಲಾಗಲಿ ಅದು ಇಲ್ಲ ಎಂದಿತು. ಮುಂದೆ ಕೇರಳ ಸರಕಾರ ನೇಮಿಸಿದ ಸಮಿತಿ ವೈಮಾನಿಕ ಸಿಂಪರಣೆಯನ್ನು ನಿಲ್ಲಿಸಬೇಕೆಂದಿತು. ಕೇಂದ್ರದ ಸಮಿತಿ ರೋಗಗಳಿಗೂ ಎಂಡೋಸಲ್ಫಾನಿಗೂ ಸಂಬಂಧ ಸಿದ್ಧವಾಗಿಲ್ಲ ಎಂದಿತು.

ಊರಿನವರ ಸ್ಥಿತಿಯನ್ನು ಯೋಚಿಸಿ. ಎರಡು ತಂಡಗಳು ಬಂದು ರಕ್ತ ತೆಗೆದುಕೊಂಡು ಹೋದವು. ಒಂದು 'ಇದೆ' ಎನ್ನುತ್ತದೆ, ಇನ್ನೊಂದು 'ಇಲ್ಲ' ಎನ್ನುತ್ತದೆ. ಎರಡೂ ವಿಜ್ಞಾನದ ಹೆಸರಿನಲ್ಲಿ. ಜನ ತಮಗೆ ಬೇಕಾದುದನ್ನು ನಂಬಿದರೆ ತಪ್ಪು ಯಾರದು?

ಇಲ್ಲಿ ಕೊರತೆ ಉಪಕರಣದ್ದಲ್ಲ, ಕ್ರಮದ್ದು. ರಕ್ತದಂತಹ ಸಂಕೀರ್ಣ ವಸ್ತುವಿನಲ್ಲಿ ಶತಕೋಟಿಗೆ ಒಂದೆರಡು ಭಾಗದಷ್ಟಿರುವ ವಸ್ತುವನ್ನು ಗ್ಯಾಸ್ ಕ್ರೊಮ್ಯಾಟೊಗ್ರಫಿಯಿಂದ ಅಳೆಯುವಾಗ ಬೇರೆ ಸಂಯುಕ್ತವೊಂದು ಅದೇ ಜಾಗದಲ್ಲಿ ಶೃಂಗ ತೋರಿಸಬಹುದು. ಇನ್ನೊಂದೆಡೆ ಪತ್ತೆಮಿತಿ ಸಾಲದಿದ್ದರೆ ಇರುವುದೂ ಇಲ್ಲವೆನಿಸಬಹುದು. ಇದಕ್ಕೆ ಪರಿಹಾರ ಸರಳ. ಊರವರ ಎದುರಿನಲ್ಲೇ ಒಂದೇ ಮಾದರಿಯನ್ನು ಮೂರು ಪಾಲು ಮಾಡಬೇಕು. ಎರಡನ್ನು ಮೊಹರು ಹಾಕಿ ಬೇರೆ ಬೇರೆ ಪ್ರಯೋಗಾಲಯಗಳಿಗೆ ಕಳುಹಿಸಬೇಕು. ಮೂರನೆಯದನ್ನು ವಿವಾದ ಬಂದರೆಂದು ಶೈತ್ಯದಲ್ಲಿ ಕಾದಿಡಬೇಕು. ಜೊತೆಗೆ ಎಂಡೋಸಲ್ಫಾನ್ ಖಂಡಿತ ಇಲ್ಲದ ಮಾದರಿಯನ್ನೂ ಗೊತ್ತಾದ ಪ್ರಮಾಣ ಬೆರೆಸಿದ ಮಾದರಿಯನ್ನೂ ಗುರುತು ಹೇಳದೆ ಸೇರಿಸಬೇಕು. ಜನರನ್ನು ಸಂಶೋಧಕರೆಂದು ಪರಿಗಣಿಸಿದ್ದರೆ ಅವರು ಕೇಳುತ್ತಿದ್ದ ಮೊದಲ ಪ್ರಶ್ನೆಯೇ ಇದಾಗುತ್ತಿತ್ತು: 'ನಿಮ್ಮ ಲೆಕ್ಕ ಸರಿ ಎಂದು ನಮಗೆ ಗೊತ್ತಾಗುವುದು ಹೇಗೆ?' ಅಪನಂಬಿಕೆಯಿಂದ ಹುಟ್ಟುವ ಇಂತಹ ಪ್ರಶ್ನೆ ವಿಜ್ಞಾನಕ್ಕೆ ಅಡ್ಡಿಯಲ್ಲ, ಅದು ವಿಜ್ಞಾನದ್ದೇ ಪ್ರಶ್ನೆ.

ಹೋಲಿಕೆಯ ಊರು

ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗದ ಮಧ್ಯಪ್ರವೇಶದ ನಂತರ ಅಹಮದಾಬಾದಿನ ರಾಷ್ಟ್ರೀಯ ಔದ್ಯೋಗಿಕ ಆರೋಗ್ಯ ಸಂಸ್ಥೆ 2001ರಲ್ಲಿ ಅಧ್ಯಯನ ನಡೆಸಿತು. ಪಡ್ರೆಯ ಮಕ್ಕಳನ್ನು ಸುಮಾರು 20 ಕಿ.ಮೀ. ದೂರದ, ವೈಮಾನಿಕ ಸಿಂಪರಣೆ ಕಾಣದ ಊರಿನ ಮಕ್ಕಳೊಂದಿಗೆ ಹೋಲಿಸಿತು. ಅದರ ಒಂದು ಭಾಗ 2003ರಲ್ಲಿ ಅಂತರರಾಷ್ಟ್ರೀಯ ಪತ್ರಿಕೆಯೊಂದರಲ್ಲಿ ಪ್ರಕಟವಾಯಿತು. 10ರಿಂದ 19 ವಯಸ್ಸಿನ ಹುಡುಗರಲ್ಲಿ ಪಡ್ರೆಯ 117 ಮಂದಿ, ಹೋಲಿಕೆಯ ಊರಿನ 90 ಮಂದಿ. ಕೊನೆಯ ಸಿಂಪರಣೆಯಾಗಿ ಸುಮಾರು 10 ತಿಂಗಳು ಕಳೆದಿದ್ದರೂ ಪರೀಕ್ಷಿಸಿದ ಪಡ್ರೆಯ ಮಕ್ಕಳಲ್ಲಿ ಶೇ. 78ರಷ್ಟು, ಹೋಲಿಕೆಯ ಊರಿನವರಲ್ಲಿ ಶೇ. 29ರಷ್ಟು ಮಂದಿಯ ರಕ್ತರಸದಲ್ಲಿ ಎಂಡೋಸಲ್ಫಾನ್ ಪತ್ತೆಯಾಯಿತು. ವಯಸ್ಸನ್ನು ಲೆಕ್ಕಕ್ಕೆ ತೆಗೆದುಕೊಂಡ ಮೇಲೂ ಪಡ್ರೆಯ ಹುಡುಗರ ಲೈಂಗಿಕ ಬೆಳವಣಿಗೆ ನಿಧಾನವಾಗಿತ್ತು ಮತ್ತು ಟೆಸ್ಟೊಸ್ಟೆರಾನ್ ಪ್ರಮಾಣ ಕಡಿಮೆಯಿತ್ತು.

ಈ ಪ್ರಬಂಧದಲ್ಲಿ ಎರಡು ಸಂಗತಿಗಳು ನಮ್ಮ ಚರ್ಚೆಗೆ ಮುಖ್ಯ. ಮೊದಲನೆಯದು, ಹೋಲಿಕೆಯ ಊರಿನಲ್ಲೂ ಶೇ. 29ರಷ್ಟು ಮಕ್ಕಳಲ್ಲಿ ವಸ್ತು ಸಿಕ್ಕಿದ್ದು. ಸಿಂಪರಣೆ ಕಾಣದ ಊರೆಂದರೆ ವಿಷ ತಲುಪದ ಊರು ಎಂದರ್ಥವಲ್ಲ. ಆಹಾರದ ಮೂಲಕವೂ ಅದು ಬರಬಹುದು. ಎರಡನೆಯದನ್ನು ಲೇಖಕರೇ ಒಪ್ಪಿಕೊಂಡಿದ್ದಾರೆ: ಮಾದರಿಯ ಸಂಖ್ಯೆ ಚಿಕ್ಕದು, ಮತ್ತು ಕೆಲವರು ಪರೀಕ್ಷೆಗೆ ಒಳಪಡಲಿಲ್ಲ. ಬಾರದೆ ಉಳಿದವರು ಬಂದವರಂತೆಯೇ ಇದ್ದರೆ ತೊಂದರೆಯಿಲ್ಲ. ಆದರೆ ತೊಂದರೆಯಿದ್ದ ಮಕ್ಕಳೇ ಹೆಚ್ಚಾಗಿ ಬಂದಿದ್ದರೆ, ಅಥವಾ ಅವರೇ ಸಂಕೋಚದಿಂದ ದೂರ ಉಳಿದಿದ್ದರೆ, ಫಲಿತಾಂಶ ಒಂದಲ್ಲ ಒಂದು ಕಡೆಗೆ ವಾಲುತ್ತದೆ. ಹದಿಹರೆಯದ ಹುಡುಗನ ದೇಹಪರೀಕ್ಷೆಗೆ ಮನೆಯವರು ಒಪ್ಪುವುದು ನಂಬಿಕೆಯ ಮೇಲೆ. ಆದ್ದರಿಂದ ಜನರ ಸಹಭಾಗಿತ್ವವನ್ನು ಸೌಜನ್ಯವೆಂದೋ ಪ್ರಜಾಪ್ರಭುತ್ವದ ಅಲಂಕಾರವೆಂದೋ ತಿಳಿಯಬಾರದು. ಅದು ಸಂಖ್ಯಾಶಾಸ್ತ್ರದ ಅಗತ್ಯ. ಜನರ ನಂಬಿಕೆ ಕುಸಿದರೆ ಮಾದರಿಯೂ ಕೆಡುತ್ತದೆ.

ಟೀಕಾಕಾರರ ಮಾತನ್ನೂ ಕೇಳಿ

ಈ ಅಧ್ಯಯನಗಳನ್ನು ಎಲ್ಲರೂ ಒಪ್ಪಲಿಲ್ಲ. ಉದ್ಯಮದವರ ಆಕ್ಷೇಪ ನಿರೀಕ್ಷಿತವೇ. ಆದರೆ 2013ರಲ್ಲಿ ಕೇರಳ ಕೃಷಿ ವಿಶ್ವವಿದ್ಯಾಲಯದ ಇಬ್ಬರು ವಿಜ್ಞಾನಿಗಳೂ 'ಕರೆಂಟ್ ಸೈನ್ಸ್' ಪತ್ರಿಕೆಯಲ್ಲಿ ಕಾಸರಗೋಡಿನ ಆರೋಗ್ಯ ಅಧ್ಯಯನಗಳ ವಿಧಾನವನ್ನು ಕಟುವಾಗಿ ವಿಮರ್ಶಿಸಿದರು. ಇಂತಹ ವಿಮರ್ಶೆಯನ್ನು ಜನವಿರೋಧಿ ಎಂದು ತಳ್ಳಿಹಾಕುವುದು ಸುಲಭ, ಆದರೆ ಸರಿಯಲ್ಲ. ಅದರ ಹಿಂದಿರುವ ತರ್ಕವನ್ನು ವಿದ್ಯಾರ್ಥಿಗಳು ಅರಿಯಬೇಕು.

ಒಂದು ಕಾಲ್ಪನಿಕ ಲೆಕ್ಕ ಮಾಡಿ. ಯಾವುದೋ ಅಪರೂಪದ ರೋಗ ಒಂದೊಂದು ಊರಿನಲ್ಲೂ ಸರಾಸರಿ 2 ಮಂದಿಗೆ ಬರುತ್ತದೆ ಎನ್ನೋಣ. ಯಾವ ವಿಶೇಷ ಕಾರಣವೂ ಇಲ್ಲದೆ ಒಂದು ಊರಿನಲ್ಲಿ 5 ಅಥವಾ ಹೆಚ್ಚು ಮಂದಿಗೆ ಬರುವ ಸಂಭಾವ್ಯತೆ ಎಷ್ಟು? ಪ್ವಾಸೋನ್ ವಿತರಣೆಯಂತೆ ಸುಮಾರು ಶೇ. 5. ಅಂದರೆ ನೂರು ಊರುಗಳಲ್ಲಿ ಐದು ಊರುಗಳು ಆಕಸ್ಮಿಕವಾಗಿಯೇ ರೋಗಪೀಡಿತವಾಗಿ ಕಾಣುತ್ತವೆ. ಅಂತಹ ಊರಿನಲ್ಲಿರುವವರಿಗೆ ಅದು ಆಕಸ್ಮಿಕ ಎನಿಸುವುದಿಲ್ಲ, ಎನಿಸಲೂಬಾರದು. ಆದರೆ ಸಂಶೋಧಕ ಮೊದಲು ಬಾಣ ಬಿಟ್ಟು, ಅದು ನಾಟಿದ ಕಡೆ ಗುರಿಯ ವೃತ್ತ ಬರೆಯುವಂತಿಲ್ಲ. ಕಾರಣ ಹುಡುಕುವ ಮೊದಲೇ ಯಾವ ರೋಗ, ಯಾವ ಗಡಿ, ಯಾವ ಅವಧಿ ಎಂದು ನಿಗದಿಪಡಿಸಿಕೊಳ್ಳಬೇಕು.

ಟೀಕಾಕಾರರ ಈ ಮಾತು ಸರಿ. ಅವರ ಸಾಲಿನ ಕೆಲವರು ಎಡವುವುದು ಮುಂದಿನ ಹೆಜ್ಜೆಯಲ್ಲಿ. 'ಸಂಬಂಧ ಸಿದ್ಧವಾಗಿಲ್ಲ' ಎನ್ನುವುದನ್ನು 'ಸಂಬಂಧವಿಲ್ಲ' ಎಂದು ಓದುವುದು ತರ್ಕದೋಷ. ಎರಡು ದಶಕಗಳ ಕಾಲ ಸಿಂಪರಣೆ ನಡೆದಾಗ ಸುತ್ತಲಿನ ಜನರ ಆರೋಗ್ಯವನ್ನು ಕ್ರಮವಾಗಿ ದಾಖಲಿಸುವ ಹೊಣೆ ಯಾರದಾಗಿತ್ತು? ಸಿಂಪಡಿಸಿದವರದೇ, ಅನುಮತಿ ಕೊಟ್ಟವರದೇ? ಊರವರದಂತೂ ಅಲ್ಲ. ಅಳತೆಯನ್ನೇ ಮಾಡದೆ, ಅನಂತರ 'ಅಳತೆ ಎಲ್ಲಿ?' ಎಂದು ಪೀಡಿತರನ್ನು ಕೇಳುವುದು ನ್ಯಾಯವಲ್ಲ.

ಅಮೆರಿಕದ ಬಾಸ್ಟನ್ ಬಳಿಯ ವೋಬರ್ನ್ ಪಟ್ಟಣದ ಕಥೆಯೂ ಹೀಗೆಯೇ. ಮಕ್ಕಳ ರಕ್ತಕ್ಯಾನ್ಸರ್ ಪ್ರಕರಣಗಳು ಒತ್ತಾಗಿರುವುದನ್ನು ಗುರುತಿಸಿದವರು ತಾಯಂದಿರು. 1979ರಲ್ಲಿ ಪಟ್ಟಣದ ಎರಡು ಕೊಳವೆಬಾವಿಗಳಲ್ಲಿ ಕೈಗಾರಿಕಾ ದ್ರಾವಕಗಳು ಪತ್ತೆಯಾಗಿ ಅವನ್ನು ಮುಚ್ಚಲಾಯಿತು. ಹಾರ್ವರ್ಡಿನ ಸಂಖ್ಯಾಶಾಸ್ತ್ರಜ್ಞರು ಅಲ್ಲಿನ ಸ್ವಯಂಸೇವಕರಿಗೆ ತರಬೇತಿ ಕೊಟ್ಟು ದೂರವಾಣಿ ಸಮೀಕ್ಷೆ ನಡೆಸಿದರು. ಪೀಡಿತ ಊರಿನವರೇ ಮಾಹಿತಿ ಸಂಗ್ರಹಿಸಿದ್ದರಿಂದ ಅದು ಪಕ್ಷಪಾತದ್ದು ಎಂಬ ಆಕ್ಷೇಪ ಅಲ್ಲಿಯೂ ಬಂತು. ಸಮಾಜಶಾಸ್ತ್ರಜ್ಞ ಫಿಲ್ ಬ್ರೌನ್ ಇಂತಹ ಪ್ರಯತ್ನವನ್ನು 'ಜನರ ರೋಗಶೋಧನೆ' ಎಂಬರ್ಥದ ಹೆಸರಿನಿಂದ ಕರೆದರು. ಪಕ್ಷಪಾತದ ಅಪಾಯ ನಿಜ. ಆದರೆ ಅದಕ್ಕೆ ಮದ್ದು ಜನರನ್ನು ಹೊರಗಿಡುವುದಲ್ಲ. ಯಾವ ಮನೆ ಯಾವ ನೀರು ಕುಡಿಯುತ್ತದೆ ಎಂಬುದು ಪ್ರಶ್ನೆ ಕೇಳುವವರಿಗೆ ತಿಳಿಯದಂತೆ ಸಮೀಕ್ಷೆಯನ್ನು ರೂಪಿಸುವುದು.

ಪಟ್ಟಿಯೇ ಸಂಶೋಧನೆಯಾದಾಗ

2011ರ ಏಪ್ರಿಲ್‌ನಲ್ಲಿ ಸ್ಟಾಕ್‌ಹೋಮ್ ಒಪ್ಪಂದದ ದೇಶಗಳು ಎಂಡೋಸಲ್ಫಾನನ್ನು ನಿರ್ಮೂಲನದ ಪಟ್ಟಿಗೆ ಸೇರಿಸಿದವು. ಮೇ 13ರಂದು ಸುಪ್ರೀಂ ಕೋರ್ಟ್ ದೇಶದಾದ್ಯಂತ ತಡೆ ವಿಧಿಸಿತು. 2017ರ ಜನವರಿಯಲ್ಲಿ ಐದು ಸಾವಿರಕ್ಕೂ ಹೆಚ್ಚು ಸಂತ್ರಸ್ತರಿಗೆ ತಲಾ 5 ಲಕ್ಷ ರೂ.ಗಳನ್ನು ಮೂರು ತಿಂಗಳಲ್ಲಿ ಕೊಡಬೇಕೆಂದು ಕೇರಳ ಸರಕಾರಕ್ಕೆ ಆದೇಶಿಸಿತು. 2022ರಲ್ಲೂ ಅದೇ ನ್ಯಾಯಾಲಯ ವಿಳಂಬವನ್ನು ಟೀಕಿಸಬೇಕಾಯಿತು. ನಮ್ಮ ದಕ್ಷಿಣ ಕನ್ನಡದ ಕೊಕ್ಕಡ, ಪಟ್ರಮೆ, ನಿಡ್ಲೆ ಗ್ರಾಮಗಳ ಸುತ್ತಲೂ ಸರಕಾರಿ ಗೇರು ತೋಟಗಳ ಸಿಂಪರಣೆಯ ಬಗ್ಗೆ ಇದೇ ದೂರು, ಇದೇ ಹೋರಾಟ.

ಪರಿಹಾರಕ್ಕೆಂದು ವೈದ್ಯಕೀಯ ಶಿಬಿರಗಳು ನಡೆದವು, ಸಂತ್ರಸ್ತರ ಪಟ್ಟಿಗಳಾದವು. ಇಲ್ಲಿ ಎಚ್ಚರ ಬೇಕು. ಶಿಬಿರದ ಪಟ್ಟಿ ನೆರವಿಗಾಗಿ ಮಾಡಿದ್ದು. ಅದರಿಂದ ರೋಗದ ದರವನ್ನು ಲೆಕ್ಕ ಹಾಕುವಂತಿಲ್ಲ. ಶಿಬಿರಕ್ಕೆ ಬಂದವರನ್ನಷ್ಟೇ ಅದು ಎಣಿಸುತ್ತದೆ, ಬಾರದವರನ್ನಲ್ಲ. ತೋಟದಿಂದ ದೂರದ ಊರಿನಲ್ಲಿ ಅಂತಹುದೇ ಶಿಬಿರ ನಡೆದಿಲ್ಲವಾದರೆ ಹೋಲಿಕೆಯೂ ಸಾಧ್ಯವಿಲ್ಲ. ಪಟ್ಟಿಯನ್ನೇ ಪುರಾವೆಯಾಗಿ ಹಿಡಿದವರೂ, ಪಟ್ಟಿಯ ದೋಷ ತೋರಿಸಿ ನೆರವೇ ಬೇಡವೆನ್ನುವವರೂ ಒಂದೇ ತಪ್ಪು ಮಾಡುತ್ತಾರೆ. ಹಾಸಿಗೆ ಹಿಡಿದ ಮಗುವಿನ ತಾಯಿಗೆ ಬೇಕಾದ ನೆರವು ಸಂಖ್ಯಾಶಾಸ್ತ್ರದ ತೀರ್ಪಿಗೆ ಕಾಯಬಾರದು. ಸಂಖ್ಯಾಶಾಸ್ತ್ರವೂ ನೆರವಿನ ಪಟ್ಟಿಯ ಮೇಲೆ ನಿಲ್ಲಬಾರದು. ಎರಡನ್ನೂ ಬೇರೆ ಬೇರೆಯಾಗಿ, ಎರಡನ್ನೂ ಪ್ರಾಮಾಣಿಕವಾಗಿ ಮಾಡಬೇಕಿತ್ತು.

ಹಾಗಾದರೆ ಏನು ಮಾಡಬೇಕು?

ಪಡ್ರೆಯ ಅನುಭವದಿಂದ ನಾಲ್ಕು ಮಾನದಂಡಗಳನ್ನು ತೆಗೆಯಬಹುದು. 'ಜನಸಹಭಾಗಿ' ಎಂದು ಹೇಳಿಕೊಳ್ಳುವ ಯಾವುದೇ ಅಧ್ಯಯನ ನಿಮ್ಮ ಮುಂದೆ ಬಂದರೆ ಇವನ್ನು ಕೇಳಿ ನೋಡಿ. ಪ್ರಶ್ನೆಯನ್ನು ರೂಪಿಸಿದವರಲ್ಲಿ ಊರವರಿದ್ದರೇ? ಹೋಲಿಕೆಯ ಗುಂಪನ್ನು ಆರಿಸುವಾಗ ಸ್ಥಳೀಯ ತಿಳಿವಳಿಕೆ ಬಳಕೆಯಾಯಿತೇ? ಮಾದರಿ ಕೊಟ್ಟವರಿಗೆ ಅವರ ಫಲಿತಾಂಶ ಅವರ ಭಾಷೆಯಲ್ಲಿ ತಲುಪಿತೇ? ಊರವರ ನಂಬಿಕೆಗೆ ವಿರುದ್ಧವಾದ ಉತ್ತರ ಬಂದರೂ ಅದನ್ನು ಪ್ರಕಟಿಸುತ್ತೇವೆ ಎಂಬ ಒಪ್ಪಂದ ಮೊದಲೇ ಆಗಿತ್ತೇ? ಕೊನೆಯದು ಎಲ್ಲಕ್ಕಿಂತ ಕಷ್ಟದ್ದು. ಸಂಶೋಧಕರಾಗುವುದೆಂದರೆ ತಮ್ಮ ಊಹೆ ತಪ್ಪಾಗಬಹುದೆಂದು ಒಪ್ಪಿಕೊಳ್ಳುವುದು. ಆ ಹೊಣೆಯನ್ನು ಕೊಡದೆ ಜನರನ್ನು ಸಂಶೋಧಕರೆಂದು ಕರೆಯುವುದು ಬರಿಯ ಉಪಚಾರ.

ಶಿಕ್ಷಕ ಮಿತ್ರರೇ, ಮಕ್ಕಳ ವಿಜ್ಞಾನ ಸಮಾವೇಶಕ್ಕೆಂದು ನಿಮ್ಮ ವಿದ್ಯಾರ್ಥಿಗಳು ಊರಿನ ಸಮಸ್ಯೆಗಳ ಮೇಲೆ ಯೋಜನೆ ಮಾಡುತ್ತಾರೆ. ರೋಗಿಗಳ ಮನೆಗೆ ಅವರನ್ನು ಕಳುಹಿಸಬೇಡಿ, ಅದು ತಜ್ಞರ ಮತ್ತು ನೈತಿಕ ಒಪ್ಪಿಗೆಯ ವಿಷಯ. ಬದಲಿಗೆ ಊರಿನ ದಿನಚರಿ ಬರೆಯಿಸಿ. ಯಾವ ತೋಟಕ್ಕೆ ಯಾವ ದಿನ ಯಾವ ಮದ್ದು ಹೊಡೆದರು, ಎಷ್ಟು ಹೊಡೆದರು, ಗಾಳಿ ಎತ್ತ ಬೀಸುತ್ತಿತ್ತು, ಖಾಲಿ ಡಬ್ಬಿ ಎಲ್ಲಿ ಹೋಯಿತು, ತೋಡಿನಲ್ಲಿ ಯಾವ ತಿಂಗಳು ಯಾವ ಮೀನು ಕಂಡಿತು. ಪ್ರತಿ ವರ್ಷ ಹೊಸ ತಂಡ ಹೊಸ ವಿಷಯ ಆರಿಸುವ ಬದಲು ಅದೇ ದಿನಚರಿಯನ್ನು ಮುಂದುವರಿಸಲಿ. ಬಹುಮಾನ ಸಿಗದಿರಬಹುದು. ಆದರೆ ಇಂತಹ ಒಂದು ನೋಟುಪುಸ್ತಕ ಪಡ್ರೆಯ ಯಾವುದಾದರೊಂದು ಶಾಲೆಯಲ್ಲಿ 1980ರಿಂದ 2000ದವರೆಗೆ ಉಳಿದು ಬಂದಿದ್ದರೆ, ಅನಂತರ ಬಂದ ಯಾವ ಸಮಿತಿಯೂ ಅದನ್ನು ಪಕ್ಕಕ್ಕೆ ಸರಿಸಿ ವರದಿ ಬರೆಯಲು ಸಾಧ್ಯವಾಗುತ್ತಿರಲಿಲ್ಲ.